ಸವದತ್ತಿ ಬಿಸಿಲಿಗೆ ಎಂಥ ಹಸಿರುಮನೆ?

ಪ್ರಶ್ನೆ: ಹಿತ್ತಲಲ್ಲಿ ನಾವೇ ಪ್ಲಾಸ್ಟಿಕ್ ಹಸಿರುಮನೆ ಕಟ್ಟಿ ಮೆಣಸಿನ ಸಸಿ ಬೆಳೆಸಬಹುದೇ?

ಉತ್ತರ: ಬೆಳೆಸಬಹುದು, ಆದರೆ ಪ್ಲಾಸ್ಟಿಕ್ ಬೇಡ. ಚಳಿ ದೇಶದವರು ಕಾವು ಹಿಡಿದಿಡಲು ಹಸಿರುಮನೆ ಕಟ್ಟುತ್ತಾರೆ. ಸವದತ್ತಿ, ರಾಮದುರ್ಗದ ಬೇಸಿಗೆಯಲ್ಲಿ ನಮಗೆ ಬೇಕಾದದ್ದು ನೆರಳು. ಮೇಲೆ ಶೇ. 50ರ ನೆರಳು ಪರದೆ ಸಾಕು. ಸುತ್ತ 40 ಮೆಶ್‌ನ ಬಲೆ ಕಟ್ಟಿದರೆ ಮುಟುರು ರೋಗ ಹರಡುವ ಬಿಳಿನೊಣ ಬಹುಮಟ್ಟಿಗೆ ಹೊರಗೇ ಉಳಿಯುತ್ತದೆ. ಥ್ರಿಪ್ಸ್ ಮಾತ್ರ ನುಸುಳೀತು.

ನಿಜವಾದ ತಲೆನೋವು ಕಂಬದ್ದು. ಎರಿ ಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು, ನೆಟ್ಟ ಗಳವನ್ನು ಸಡಿಲಿಸುತ್ತದೆ. ಎರಡಡಿ ತಗ್ಗು ತೋಡಿ, ಗರಸು ತುಂಬಿ, ಗಟ್ಟಿಯಾಗಿ ಬಡಿಯಿರಿ. ಮುಂಗಾರಿನ ಪಡುವಣ ಗಾಳಿಗೆ ಕಿರಿದಾದ ಬದಿ ಎದುರಾಗಲಿ. ಮಳೆ ಹೆಚ್ಚಿರುವ ಕಿತ್ತೂರಿನಲ್ಲಾದರೆ ಸಸಿಮಡಿಗೆ ಪ್ಲಾಸ್ಟಿಕ್ ಚಾವಣಿ ಒಪ್ಪುತ್ತದೆ, ಬದಿಗಳಲ್ಲಿ ಗಾಳಿಯಾಡಬೇಕು ಅಷ್ಟೆ.