ದೋಣಿಗೆ ಎಂಥ ಪಂಖಾ ಬೇಕು?

ಅನಗವಾಡಿ ಸೇತುವೆ ಕೆಳಗ ಘಟಪ್ರಭಾ. ಆಲಮಟ್ಟಿ ತುಂಬಿದ್ರ ಇಲ್ಲೆಲ್ಲಾ ಹಿನ್ನೀರು. ಮನ್ಯಾಗ ಕಟ್ಟಿದ ದೋಣಿಗೆ ಮೋಟಾರ್ ಕೂಡಿಸೋರು ಪಂಖಾದ ಮ್ಯಾಲಿನ ಅಂಕಿ ನೋಡ್ರಿ. 9 × 8 ಅಂದ್ರ 9 ಇಂಚು ಅಗಲ, 8 ಇಂಚು ಪಿಚ್. ಪಿಚ್ ಅಂದ್ರ ಒಂದು ಸುತ್ತಿಗೆ ಪಂಖಾ ಮುಂದ ಸಾಗೋ ದೂರ, ಕಟ್ಟಿಗ್ಯಾಗ ಸ್ಕ್ರೂ ಇಳಿದಂಗ. ನೀರು ಜಾರತದ, ಅದಕ್ಕ ದೋಣಿ ಅಷ್ಟು ದೂರ ಹೋಗಂಗಿಲ್ಲ.

ಲೈಫ್ ಜಾಕೆಟ್ ತೊಟ್ಟು, ದಿನಾ ಹೇರೋವಷ್ಟೇ ಮಂದಿ, ಬಲಿ ಹೇರಿ ಫುಲ್ ರೇಸ್ ಕೊಡ್ರಿ. ಖಾಲಿ ದೋಣಿ ಓಡಿಸಿ ಪಂಖಾ ಆರಿಸಬ್ಯಾಡ್ರಿ. ಕಂಪನಿ ಹೇಳಿದ ಆರ್‌ಪಿಎಂ ಮುಟ್ಟಲಿಲ್ಲಾ? ಎಂಜಿನ್‌ಗೆ ಭಾರ ಆಗ್ಯದ, ಪಿಚ್ ಇಳಿಸ್ರಿ. ದಾಟಿದ್ರ ಏರಿಸ್ರಿ. ಒಂದಿಂಚಿಗೆ ಸುಮಾರು 150ರಿಂದ 200 ಸುತ್ತು ಫರಕು.

ಮುಳುಗಡಿ ಹೊಲದಾಗ ಬೊಡ್ಡಿ, ಕಲ್ಲು ಇರ್ತಾವ. ಇನ್ನೊಂದು ಪಂಖಾ, ಪಂಖಾಕ್ಕ ಪೆಟ್ಟು ಬಿದ್ರ ಮುರಿಯೋ ಶಿಯರ್ ಪಿನ್ ದೋಣ್ಯಾಗೇ ಇಟ್ಕೊಳ್ರಿ.