ಬೋರ್ ಬತ್ತೋದು ನನ್ನ ಆ್ಯಪ್‌ಗೆ ಮೊದಲೇ ಗೊತ್ತಿತ್ತು

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಅಪ್ಪ ಫೋನ್ ಮಾಡಿದ್ರು. "ನೋಡಮ್ಮಾ, ಬೋರಲ್ಲಿ ನೀರು ನಿಂತೋಯ್ತು. ಇನ್ನೊಂದು ಪಾಯಿಂಟ್ ನೋಡ್ಸಿದ್ದೀನಿ. ಈ ಸಲ ಸಾವಿರದ ನಾನೂರು ಅಡಿಗಾದ್ರೂ ಹೋಗ್ಬೇಕು ಅಂತಾರೆ. ನಿನ್ನ ಹತ್ರ ಒಂದೈದು ಲಕ್ಷ ಆಗ್ತದಾ?"

ನಮ್ಮದು ಕೋಲಾರ ಜಿಲ್ಲೆ. ಆ ಕಡೆಯ ಓದುಗರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದು ತಾನಾಗೇ ಅರ್ಥ ಆಗುತ್ತೆ. ವರ್ಷವಿಡೀ ಹರಿಯುವ ನದಿ ನಮ್ಮಲ್ಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದ ಸೀಮೆ, ಈಗ ಬದುಕೆಲ್ಲ ಬೋರ್‌ವೆಲ್ ಮೇಲೆ ನಿಂತಿದೆ. ನಮ್ಮ ತೋಟದಲ್ಲಿ ಮೊದಲನೆಯದನ್ನು ಕೊರೆಸಿದ್ದು ನಾನು ಹುಟ್ಟಿದ ವರ್ಷ. 280 ಅಡಿಗೇ ಮೂರು ಇಂಚು ನೀರು ಬಂದಿತ್ತಂತೆ. ಐದನೆಯದು 1,150 ಅಡಿ. ಈಗ ಕೇಳ್ತಿರೋದು ಆರನೆಯದಕ್ಕೆ.

"ಮುಂದಿನ ವಾರ ಬರ್ತೀನಿ, ಮಾತಾಡೋಣ" ಅಂದು ಫೋನಿಟ್ಟೆ. ದುಡ್ಡಿನ ಚಿಂತೆಗಿಂತ ಬೇರೊಂದು ಚಿಂತೆ ನನ್ನನ್ನು ಕಾಡೋಕೆ ಶುರುವಾಯ್ತು. ಯಾಕಂದ್ರೆ ಆ ಐದನೇ ಬೋರಿನ ಮೋಟರನ್ನು ಓಡಿಸ್ತಾ ಇದ್ದದ್ದು ನಾನು ಬರೆದ ಪ್ರೋಗ್ರಾಂ.

ನಾಲ್ಕು ವರ್ಷದ ಹಿಂದಿನ ಮಾತು. ನಮ್ಮೂರಲ್ಲಿ ತ್ರೀ ಫೇಸ್ ಕರೆಂಟ್ ಹೆಚ್ಚಾಗಿ ರಾತ್ರಿ ಹೊತ್ತೇ ಬರೋದು. ಅಪ್ಪ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡ್ಕೊಂಡು ತೋಟಕ್ಕೆ ಹೋಗಿ ಸ್ಟಾರ್ಟರ್ ಒತ್ತಬೇಕಿತ್ತು. ಹಾವು ಚೇಳಿನ ಭಯ, ಮೇಲೆ ಅವರ ಮಂಡಿನೋವು ಬೇರೆ. ನಾನು ಒಂದು ಸಣ್ಣ ಬೋರ್ಡ್, ಒಂದು ಸಿಮ್ ಕಾರ್ಡ್ ಜೋಡಿಸಿ ಆ್ಯಪ್ ಮಾಡಿಕೊಟ್ಟೆ. ಮಲಗಿದ ಕಡೆಯಿಂದಲೇ ಮೋಟರ್ ಆನ್, ಆಫ್. ಅದೇ ವರ್ಷ ಸಬ್ಸಿಡಿಯಲ್ಲಿ ಡ್ರಿಪ್ ಕೂಡ ಬಂತು. ಆಫೀಸಿನಲ್ಲಿ ಸಿಕ್ಕ ಯಾವ ಮೆಚ್ಚುಗೆಗಿಂತಲೂ "ನನ್ ಮಗಳು ಮಾಡಿದ್ದು" ಅಂತ ಅಪ್ಪ ಊರಿಗೆಲ್ಲ ತೋರಿಸಿದ್ದು ನನಗೆ ದೊಡ್ಡದಾಗಿತ್ತು.

ಡ್ರಿಪ್‌ನಿಂದ ನೀರು ಉಳಿಯಿತು, ನಿಜ. ಒಂದು ಎಕರೆ ಟೊಮೆಟೊಗೆ ಬೇಕಾಗ್ತಿದ್ದ ನೀರು ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. ಉಳಿದ ನೀರನ್ನು ನಾವೇನು ಮಾಡಿದ್ವಿ? ಎರಡೂವರೆ ಎಕರೆಗೆ ಟೊಮೆಟೊ ಹಾಕಿದ್ವಿ. ರಾಗಿ, ಹುರಳಿ ಬೆಳೀತಿದ್ದ ಮೇಲಿನ ಹೊಲಕ್ಕೂ ಪೈಪ್ ಹೋಯ್ತು.

ಇದು ಕೋಲಾರದಲ್ಲಿ ಹೊಸದಾಗಿ ಹುಟ್ಟಿದ ದುರಾಸೆ ಏನಲ್ಲ. ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ 1865ರಲ್ಲೇ ಕಲ್ಲಿದ್ದಲಿನ ಬಗ್ಗೆ ಪುಸ್ತಕ ಬರೆದು ಇದನ್ನು ಹೇಳಿದ್ದ. ಜೇಮ್ಸ್ ವ್ಯಾಟ್ ಸುಧಾರಿಸಿದ ಉಗಿ ಯಂತ್ರ ಅಷ್ಟೇ ಕೆಲಸಕ್ಕೆ ಮೊದಲಿಗಿಂತ ಕಡಿಮೆ ಕಲ್ಲಿದ್ದಲು ಸುಡುತ್ತಿತ್ತು. ಹಾಗಾದ್ರೆ ಇಂಗ್ಲೆಂಡಿನಲ್ಲಿ ಕಲ್ಲಿದ್ದಲು ಉಳೀಬೇಕಿತ್ತಲ್ವಾ? ಉಳಿಯಲಿಲ್ಲ. ಯಂತ್ರ ಓಡಿಸೋದು ಅಗ್ಗವಾದ್ದರಿಂದ ಎಲ್ಲ ಕಡೆ ಯಂತ್ರಗಳು ಬಂದವು, ಒಟ್ಟು ಕಲ್ಲಿದ್ದಲಿನ ಬಳಕೆ ಏರುತ್ತಲೇ ಹೋಯಿತು. ನಮ್ಮ ಮನೆಯಲ್ಲಿ ಇನ್ನೂ ಒಂದು ಅನುಕೂಲ ಇತ್ತು. ನಮ್ಮ ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಸಾಕು ಅಂತ ಹೇಳೋಕೆ ಬಿಲ್ ಕೂಡ ಬರಲ್ಲ.

ಹಿಂದೆ ಸಾಕು ಅಂತ ಯಾರು ಹೇಳ್ತಿದ್ರು? ನಮ್ಮಜ್ಜಿ ಬದುಕಿದ್ದಾಗ ಸೇದೋ ಬಾವಿಯ ಕಥೆ ಹೇಳ್ತಿದ್ರು. ಸಂಕ್ರಾಂತಿ ಕಳೆದು ಬಿಸಿಲೇರುತ್ತಿದ್ದ ಹಾಗೆ ಒಂದು ದಿನ ಬಿಂದಿಗೆ ನೀರಿಗೆ ಮುಟ್ಟುತ್ತಿರಲಿಲ್ಲವಂತೆ. "ಹಗ್ಗ ಇನ್ನೊಂದು ಮೊಳ ಬೇಕು" ಅಂತ ಒಬ್ಬಳು ಅಂದರೆ ಬೀದಿಗೆಲ್ಲ ಗೊತ್ತಾಗ್ತಿತ್ತು. ಅವತ್ತಿಂದ ಬಟ್ಟೆ ಒಗೆಯೋದು, ದನ ತೊಳೆಯೋದು ಎಲ್ಲ ಲೆಕ್ಕಕ್ಕೆ ಬರ್ತಿತ್ತು. ಹೊಲಕ್ಕೆ ಕಪಿಲೆಯಲ್ಲಿ ನೀರೆತ್ತುವಾಗ ಎತ್ತುಗಳು ದಣಿದು ನಿಂತರೆ ಬಾವಿಗೂ ಬಿಡುವು. ರಾತ್ರಿ ಬಾವಿಯಲ್ಲಿ ಮತ್ತೆ ನೀರು ಊರುತ್ತಿತ್ತು. ಕೆರೆ ನೀರಿಗೆ ನೀರುಗಂಟಿ ಇದ್ದ. ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಯಾವಾಗ ನೀರು ಅನ್ನೋದು ಅವನ ಕೈಯಲ್ಲಿತ್ತು.

"ಹಳೇ ಕಾಲವೇ ಚೆನ್ನಾಗಿತ್ತು" ಅಂತ ಹಾಡೋಕೆ ಇದನ್ನು ಹೇಳ್ತಿಲ್ಲ. ಆ ಬಾವಿ ಊರಿನ ಎಲ್ಲರದ್ದೂ ಆಗಿರಲಿಲ್ಲ. ಕಾಲೋನಿಯ ಹೆಂಗಸರು ದೂರ ನಿಂತು, ಯಾರಾದರೂ ಸುರಿದರೆ ಬಿಂದಿಗೆ ತುಂಬಿಸಿಕೊಳ್ಳಬೇಕಿತ್ತು ಅಂತ ಅಜ್ಜಿಯೇ ಹೇಳ್ತಿದ್ರು. ಅವರ ಬೀದಿಗೆ ಸ್ವಂತ ನೀರು ಬಂದದ್ದು ಬೋರಿಂಗ್ ಬಂದ ಮೇಲೆ. ದೇಶದ ಲೆಕ್ಕದಲ್ಲೂ ಕೈಪಂಪಿನ ಉಪಕಾರ ಸಣ್ಣದಲ್ಲ. ಇಳಿದು ನೀರು ತುಂಬುವ ಮೆಟ್ಟಿಲು ಬಾವಿಗಳಿಂದ ನಾರುಹುಣ್ಣು ಹರಡುತ್ತಿತ್ತು. ಆ ರೋಗವಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಅದಕ್ಕೆ ಕೈಪಂಪುಗಳ ಪಾತ್ರ ದೊಡ್ಡದು. ಹಾಗಾಗಿ ಹಿಂದಕ್ಕೆ ಹೋಗೋ ಮಾತೇ ಇಲ್ಲ.

ಎಂಜಿನಿಯರಿಂಗ್ ಓದುವಾಗ ನಮಗೆ ಹೇಳಿಕೊಟ್ಟಿದ್ದ ಒಂದು ಮಾತಿದೆ: ಚಾಕುವಿನಲ್ಲಿ ಒಳ್ಳೇದು ಕೆಟ್ಟದ್ದು ಇಲ್ಲ, ಹಿಡಿದವನ ಕೈ ನೋಡಬೇಕು. ತಂತ್ರಜ್ಞಾನವೂ ಹಾಗೇ ಅಂತ. ನಾಲ್ಕು ವರ್ಷ ಅದನ್ನು ನಂಬಿದ್ದೆ. ಈಚೆಗೆ ಆಲ್ಬರ್ಟ್ ಬೋರ್ಗ್‌ಮನ್ ಎಂಬ ಅಮೆರಿಕದ ತತ್ವಜ್ಞಾನಿ 1984ರಲ್ಲಿ ಬರೆದ ಪುಸ್ತಕದ ಬಗ್ಗೆ ಓದಿದೆ. ಚಳಿ ದೇಶದ ಮನೆಗಳ ಬೆಂಕಿಗೂಡನ್ನು ಅವರು ಹೀಟರ್ ಜೊತೆ ಹೋಲಿಸ್ತಾರೆ. ಬೆಂಕಿಗೂಡಿಗೆ ಯಾರೋ ಸೌದೆ ಕಡೀಬೇಕು, ಯಾರೋ ತುಂಬಬೇಕು, ಎಲ್ಲರೂ ಸುತ್ತ ಕೂರಬೇಕು. ಹೀಟರ್‌ನಿಂದ ಬಿಸಿ ಮಾತ್ರ ಬರುತ್ತೆ. ಅದು ಎಲ್ಲಿಂದ ಬಂತು, ಏನು ಸುಟ್ಟಿತು ಅನ್ನೋದೆಲ್ಲ ಕಣ್ಣಿಂದ ಮರೆಯಾಗುತ್ತೆ.

ಓದ್ತಾ ಓದ್ತಾ ನನಗೆ ನಮ್ಮ ತೋಟವೇ ಕಾಣಿಸಿತು. ಬಾವಿಗೆ ಬಗ್ಗಿ ನೋಡಬಹುದಿತ್ತು. ಬೋರಿಗೆ ಬಗ್ಗಿ ನೋಡಿದರೆ ಕತ್ತಲೆ. ನಮ್ಮ ಕಡೆಯ ನೆಲದಡಿ ಇರೋದು ಗಟ್ಟಿ ಬಂಡೆ. ಮೇಲಿನ ಸವೆದ ಪದರದಲ್ಲಿ ಒಂದಷ್ಟು ನೀರು ನಿಲ್ಲುತ್ತೆ, ಆಳಕ್ಕೆ ಹೋದರೆ ಬಿರುಕುಗಳಲ್ಲಿ ಸಿಕ್ಕಷ್ಟೇ. ಅದು ತುಂಬೋಕೆ ಬಹಳ ಕಾಲ ಬೇಕು. ಬೋರ್ ಆ ಲೆಕ್ಕವನ್ನು ಮುಚ್ಚಿಟ್ಟಿತು. ಅದರ ಮೇಲೆ ನನ್ನ ಆ್ಯಪ್ ಬಂದು, ತೋಟಕ್ಕೆ ನಡೆದು ಹೋಗಿ ಪೈಪಿನ ಬಾಯಲ್ಲಿ ನೀರು ನೋಡೋ ಅವಕಾಶವನ್ನೂ ತೆಗೆದುಹಾಕಿತು.

ಇಷ್ಟೇ ಆಗಿದ್ದರೆ ಈ ಲೇಖನ ಬರೀತಿರಲಿಲ್ಲವೇನೋ. ಊರಿಗೆ ಹೊರಡೋ ಹಿಂದಿನ ರಾತ್ರಿ ನನ್ನ ಆ್ಯಪ್‌ನ ಹಳೇ ದಾಖಲೆ ತೆಗೆದು ನೋಡಿದೆ. ಬೋರಲ್ಲಿ ನೀರು ಮೋಟರಿಗಿಂತ ಕೆಳಗೆ ಹೋದರೆ ಮೋಟರ್ ಎಳೆಯುವ ಕರೆಂಟ್ ಇಳಿಯುತ್ತೆ. ಆಗ ಮೋಟರ್ ಸುಡದ ಹಾಗೆ ಬೋರ್ಡ್ ಅದನ್ನು ನಿಲ್ಲಿಸುತ್ತೆ. ಹಾಗೆ ನಿಂತ ಪ್ರತಿ ಹೊತ್ತೂ ದಾಖಲಾಗಿತ್ತು. ಮೊದಲ ಬೇಸಿಗೆಯಲ್ಲಿ ಆರು ಗಂಟೆ ಓಡಿದರೂ ನಿಂತಿರಲಿಲ್ಲ. ಎರಡನೇ ಬೇಸಿಗೆಯಲ್ಲಿ ನಾಲ್ಕು ಗಂಟೆಗೆ, ಮೂರನೇ ಬೇಸಿಗೆಯಲ್ಲಿ ಒಂದು ಗಂಟೆ ನಲವತ್ತು ನಿಮಿಷಕ್ಕೆ ನಿಂತಿತ್ತು. ಅಜ್ಜಿಯ "ಇನ್ನೊಂದು ಮೊಳ ಹಗ್ಗ" ಇದೇ ಅಲ್ವಾ?

ನಾನು ಅದಕ್ಕೆ ಏನು ಮಾಡಿದ್ದೆ ಗೊತ್ತಾ? ಅದಕ್ಕೆ 'ಎರರ್' ಅಂತ ಹೆಸರಿಟ್ಟಿದ್ದೆ. ಅಪ್ಪನಿಗೆ ಮತ್ತೆ ಮತ್ತೆ ಮೆಸೇಜ್ ಹೋಗಿ ಕಿರಿಕಿರಿ ಆಗಬಾರದು ಅಂತ, ಅರ್ಧ ಗಂಟೆ ಬಿಟ್ಟು ಮೋಟರ್ ತಾನಾಗೇ ಶುರುವಾಗೋ ಹಾಗೆ ಬರೆದಿದ್ದೆ. ನೆಲ "ಸಾಕು" ಅಂದಾಗಲೆಲ್ಲ ನನ್ನ ಪ್ರೋಗ್ರಾಂ ಅರ್ಧ ಗಂಟೆ ಕಾದು ಮತ್ತೆ ಎಳೀತಿತ್ತು.

ನಮ್ಮ ವೃತ್ತಿಯ ಅಭ್ಯಾಸವೇ ಹಾಗೆ. ಆಫೀಸಿನಲ್ಲೂ ಬಳಕೆದಾರರು ಹೆಚ್ಚಾದರೆ ಇನ್ನಷ್ಟು ಸರ್ವರ್‌ಗಳು ತಾವಾಗೇ ಸೇರಿಕೊಳ್ಳೋ ಹಾಗೆ ಬರೀತೀವಿ. ಅದಕ್ಕೆ ಎಲ್ಲೋ ಕರೆಂಟ್ ಬೇಕು, ಯಂತ್ರ ತಣ್ಣಗಿಡಲು ಹೆಚ್ಚಿನ ಕಡೆ ನೀರೂ ಬೇಕು. ಅದು ನಮ್ಮ ಪರದೆ ಮೇಲೆ ಕಾಣಲ್ಲ. ಮಿತಿ ಎದುರಾದರೆ ಅದನ್ನು ದಾಟೋ ದಾರಿ ಹುಡುಕೋದನ್ನೇ ಜಾಣತನ ಅಂತ ಕಲಿತವರು ನಾವು. ಅದು ದಾಟಬೇಕಾದ ಮಿತಿಯೋ ಕೇಳಬೇಕಾದ ಮಾತೋ ಅಂತ ಬೇರೆ ಮಾಡಿ ನೋಡೋದನ್ನು ನಾನಂತೂ ಕಲಿತಿರಲಿಲ್ಲ.

ಊರಿಗೆ ಹೋಗಿ ಆ ದಾಖಲೆಯನ್ನು ಒಂದು ಗ್ರಾಫ್ ಮಾಡಿ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು. "ಇದನ್ನ ಆವಾಗ್ಲೇ ಯಾಕಮ್ಮ ತೋರಿಸ್ಲಿಲ್ಲ?" ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರೇ ಇನ್ನೊಂದು ಪ್ರಶ್ನೆ ಕೇಳಿದ್ರು: "ಸರಿ, ನಾವು ಬಿಟ್ವಿ ಅಂತಿಟ್ಕೋ. ನಾವು ಬಿಟ್ಟ ನೀರನ್ನ ಪಕ್ಕದವರು ಎತ್ತಲ್ವಾ?"

ಈ ಪ್ರಶ್ನೆಗೆ ಯಾವ ಆ್ಯಪ್‌ನಲ್ಲೂ ಉತ್ತರ ಇಲ್ಲ. ಉತ್ತರ ಹುಡುಕಿಕೊಂಡ ಒಂದು ಊರಿದೆ, ಮಹಾರಾಷ್ಟ್ರದ ಅಹ್ಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಜಾರ್. ನಮ್ಮಂತೆಯೇ ಮಳೆ ಕಡಿಮೆ ಇರೋ ಊರು. ಪೋಪಟರಾವ್ ಪವಾರ್ ಸರಪಂಚರಾದ ಮೇಲೆ ಅಲ್ಲಿ ಬದು, ಒಡ್ಡು ಹಾಕಿ ಮಳೆನೀರು ಇಂಗಿಸಿದರು. ಅದರ ಜೊತೆಗೆ, ಬೇಸಾಯಕ್ಕೆ ಬೋರ್‌ವೆಲ್ ಕೊರೆಸಬಾರದು ಅಂತ ಊರೇ ತೀರ್ಮಾನ ಮಾಡಿಕೊಂಡಿತು. ಪ್ರತಿ ವರ್ಷ ಬಿದ್ದ ಮಳೆ ಅಳೆದು, ಗ್ರಾಮಸಭೆಯಲ್ಲಿ ನೀರಿನ ಲೆಕ್ಕ ಹಾಕಿ, ಆ ವರ್ಷ ಏನು ಬೆಳೀಬಹುದು ಅಂತ ನಿರ್ಧರಿಸ್ತಾರೆ. ಅಲ್ಲೂ ಅಳತೆ ಇದೆ, ಉಪಕರಣ ಇದೆ. ಆದರೆ ಆ ಅಳತೆ ಎಲ್ಲರ ಮುಂದೆ ಬರುತ್ತೆ. ನನ್ನ ಅಳತೆ ನನ್ನ ಸರ್ವರ್‌ನಲ್ಲೇ ಮಲಗಿತ್ತು.

ಆರನೇ ಬೋರ್ ಕೊರೆಸಲಿಲ್ಲ. ಇದನ್ನು ಗೆಲುವು ಅಂತ ಹೇಳೋಕಾಗಲ್ಲ. ಟೊಮೆಟೊ ಮುಕ್ಕಾಲು ಎಕರೆಗೆ ಇಳಿದಿದೆ, ಉಳಿದದ್ದಕ್ಕೆ ಮತ್ತೆ ರಾಗಿ, ಅವರೆ, ಹುರಳಿ. ವರಮಾನ ಕಡಿಮೆಯಾಗಿದೆ, ನನ್ನ ಸಂಬಳದಿಂದ ತಿಂಗಳಿಗೆ ಒಂದಷ್ಟು ಕಳಿಸ್ತೀನಿ. ಸಂಬಳ ಬರೋ ಮಗಳಿಲ್ಲದ ಮನೆಯವರಿಗೆ "ಬೋರ್ ಬೇಡ" ಅಂತ ಹೇಳೋ ಯೋಗ್ಯತೆ ನನಗಿಲ್ಲ ಅನ್ನೋದೂ ಗೊತ್ತು. ಕೊಡಬೇಕಿದ್ದ ದುಡ್ಡಲ್ಲಿ ಒಂದು ಪಾಲು ಹಾಕಿ ತಗ್ಗಿನ ಕಡೆ ಕೃಷಿ ಹೊಂಡ ತೆಗೆಸಿದ್ವಿ. ಮುಂಗಾರಿನ ಒಂದೆರಡು ಜೋರು ಮಳೆಗೆ ಅರ್ಧ ತುಂಬಿತು. ಐದನೇ ಬೋರಲ್ಲೂ ಈಗ ದಿನಕ್ಕೆ ಒಂದು ಗಂಟೆಯಷ್ಟು ನೀರು ಬರ್ತಿದೆ.

ಆ್ಯಪ್ ಇನ್ನೂ ಇದೆ, ಅಪ್ಪ ರಾತ್ರಿ ಎದ್ದು ಹೋಗಬೇಕಿಲ್ಲ. ಎರಡು ಬದಲಾವಣೆ ಮಾಡಿದ್ದೀನಿ. ತಾನಾಗೇ ಶುರುವಾಗೋದನ್ನು ತೆಗೆದಿದ್ದೀನಿ. ಆನ್ ಒತ್ತೋ ಮೊದಲು "ನಿನ್ನೆ ಎಷ್ಟು ಹೊತ್ತು ನೀರು ಬಂತು, ಹೋದ ವರ್ಷ ಇದೇ ದಿನ ಎಷ್ಟು ಬಂದಿತ್ತು" ಅಂತ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಕಾಣುತ್ತೆ.

ಹೋದ ತಿಂಗಳು ಪಕ್ಕದ ತೋಟದ ಇಬ್ಬರು ಬಂದು ನಮಗೂ ಹಾಕಿಕೊಡಮ್ಮ ಅಂದ್ರು. ಮೋಟರ್ ನಿಂತರೆ ತಾನಾಗೇ ಶುರುವಾಗುತ್ತಾ ಅಂತ ಕೇಳಿದ್ರು. ಇಲ್ಲ, ಅದನ್ನ ತೆಗೆದಿದ್ದೀನಿ ಅಂದೆ. ಒಬ್ಬರು "ಹಂಗಾದ್ರೆ ಬೇಡ ಬಿಡಮ್ಮ" ಅಂತ ಹೊರಟರು. ಇನ್ನೊಬ್ಬರು ಅಪ್ಪನ ಫೋನ್ ಇಸ್ಕೊಂಡು ಆ ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಿದ್ರು. "ನಮ್ಮ ಬೋರಿಂದೂ ಹಿಂಗೇ ಕಾಣ್ತದಾ?" ಅಂತ ಕೇಳಿದ್ರು. ಈ ಶನಿವಾರ ಅವರ ತೋಟಕ್ಕೆ ಬೋರ್ಡ್ ಕೂರಿಸೋಕೆ ಊರಿಗೆ ಹೋಗ್ತಿದ್ದೀನಿ.