ಅವಳಿ ಗರ್ಭ: ಕುಬಸದ ನಂತರ ಇರಬೇಕಾದ ಎಚ್ಚರ

"ಹೊಟ್ಟೆ ದೊಡ್ಡದಿದೆ, ಕೂಸು ದಷ್ಟಪುಷ್ಟವಾಗಿಯೇ ಇದ್ದೀತು" ಎಂಬ ಮಾತು ಕುಬಸದ ಮನೆಗಳಲ್ಲಿ ಕೇಳಿಬರುವುದುಂಟು. ಗರ್ಭದಲ್ಲಿ ಅವಳಿಗಳಿದ್ದರೆ ಈ ಮಾತನ್ನು ನಂಬುವಂತಿಲ್ಲ. ಹೊಟ್ಟೆಯ ಗಾತ್ರವು ಇಬ್ಬರದೂ ಸೇರಿದ್ದು. ಒಂದೊಂದು ಶಿಶುವಿನ ತೂಕ ಅದರಿಂದ ತಿಳಿಯದು.

ಸುಮಾರು ಏಳು ತಿಂಗಳವರೆಗೆ ಅವಳಿ ಶಿಶುಗಳು ಒಂಟಿ ಶಿಶುವಿನಂತೆಯೇ ಬೆಳೆಯುತ್ತವೆ. 28ರಿಂದ 32ನೆಯ ವಾರದ ನಂತರ ಬೆಳವಣಿಗೆಯ ವೇಗ ತಗ್ಗುತ್ತದೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಿಶುಗಳು 37 ವಾರ ತುಂಬುವ ಮೊದಲೇ ಜನಿಸುವುದರಿಂದ, ಅನೇಕರ ತೂಕ 2.5 ಕಿಲೋಗ್ರಾಮಿಗಿಂತ ಕಡಿಮೆಯಿರುತ್ತದೆ. ಇಂತಹ ಕೂಸುಗಳಿಗೆ ಮೈ ತಣ್ಣಗಾಗುವ, ಸೋಂಕು ತಗಲುವ, ಹಾಲು ಚೀಪಲಾಗದ ಅಪಾಯ ಹೆಚ್ಚು.

ಎರಡೂ ಶಿಶುಗಳಿಗೆ ಮಾಸು ಒಂದೆಯೋ ಬೇರೆ ಬೇರೆಯೋ ಎಂಬುದನ್ನು 14ನೆಯ ವಾರದೊಳಗಿನ ಸ್ಕ್ಯಾನಿಂಗ್ ಸ್ಪಷ್ಟವಾಗಿ ತಿಳಿಸುತ್ತದೆ. ಮಾಸು ಒಂದೇ ಆಗಿದ್ದರೆ ರಕ್ತದ ಹಂಚಿಕೆ ಏರುಪೇರಾಗಿ ಒಂದು ಶಿಶು ಸೊರಗಬಹುದು. ಆದ್ದರಿಂದ 16ನೆಯ ವಾರದಿಂದ ಎರಡು ವಾರಕ್ಕೊಮ್ಮೆ, ಬೇರೆ ಬೇರೆಯಾಗಿದ್ದರೆ ಸುಮಾರು ನಾಲ್ಕು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಅವಶ್ಯ.

ನಮ್ಮ ಭಾಗದಲ್ಲಿ ಚೊಚ್ಚಲ ಬಸುರಿಯು ಕುಬಸ ಮುಗಿಸಿ ತವರಿಗೆ ಹೋಗುವುದು ಬಹುಮಟ್ಟಿಗೆ ಇದೇ ಏಳೆಂಟನೆಯ ತಿಂಗಳಲ್ಲಿ. ಕಲಘಟಗಿಯ ಸೊಸೆ ನವಲಗುಂದದ ತವರಿಗೆ ಬಂದಾಗ ತಪಾಸಣೆಯ ಕಾಗದಗಳು ಗಂಡನ ಮನೆಯಲ್ಲೇ ಉಳಿದರೆ, ಎಚ್ಚರ ಅತ್ಯಗತ್ಯವಾದ ಹೊತ್ತಿನಲ್ಲಿಯೇ ನಿಗಾ ತಪ್ಪುತ್ತದೆ. ತವರಿನ ಆಶಾ ಕಾರ್ಯಕರ್ತೆಗೆ ಕೂಡಲೇ ತಿಳಿಸಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆಯುಂಟು. ಹೆರಿಗೆಯನ್ನು ಹಿಂದೆ ಕಿಮ್ಸ್ ಎನಿಸಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ‌ನಂತಹ, ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಯಲ್ಲಿ ಮಾಡಿಸಲು ವೈದ್ಯರೊಡನೆ ಮೊದಲೇ ನಿಶ್ಚಯಿಸಬೇಕು.

"ಕಡಿಮೆ ಉಂಡರೆ ಹೆರಿಗೆ ಸುಲಭ" ಎಂಬುದು ತಪ್ಪು ತಿಳಿವಳಿಕೆ. ರೊಟ್ಟಿಯೊಡನೆ ಹೆಸರುಕಾಳು, ಮಡಿಕೆಕಾಳು, ಮೆಂತ್ಯ ಪಲ್ಯ, ಶೇಂಗಾ ಹಿಂಡಿ, ಮೊಸರನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಉಣ್ಣಬೇಕು. ಅಂಗನವಾಡಿಯ ಮಾತೃಪೂರ್ಣ ಊಟವನ್ನೂ ಕಬ್ಬಿಣಾಂಶದ ಗುಳಿಗೆಗಳನ್ನೂ ತಪ್ಪಿಸಬಾರದು. ಅಕಾಲದ ನೋವು, ನೀರು ಸೋರಿಕೆ, ರಕ್ತಸ್ರಾವ, ತೀವ್ರ ತಲೆನೋವು ಅಥವಾ ಕೂಸುಗಳ ಮಿಸುಕಾಟ ತಗ್ಗಿದ್ದು ಕಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು.

ಸಣ್ಣ ತೂಕದ ಕೂಸನ್ನು ತಾಯಿಯ ಎದೆಗೆ ಬರಿಮೈ ತಾಗುವಂತೆ ಅಪ್ಪಿಸಿಡುವುದು, ತಾಯಿಯ ಹಾಲನ್ನೇ ಉಣಿಸುವುದು ದೊಡ್ಡ ರಕ್ಷೆ. ಹಿರಿಯರೆ, ಮಗಳಿಗೆ ಉಡಿ ತುಂಬಿ ಕಳುಹಿಸುವಾಗ ತಾಯಿ ಕಾರ್ಡನ್ನೂ ಸ್ಕ್ಯಾನಿಂಗ್ ವರದಿಗಳನ್ನೂ ಮರೆಯದೆ ಅವಳ ಕೈಗಿಡಿರಿ.